ನೂರಕ್ಕೆ ಇಪ್ಪತ್ತೆಂಟು: ಕಲಬುರಗಿಯ ಒಂದು ಮನರಂಜನಾ ಸಂಸ್ಥೆಯ ಲಾಭದ ಲೆಕ್ಕ

ಕಲಬುರಗಿಯ ತೊಗರಿ ಬೇಳೆ ಗಿರಣಿಯ ಮಾಲೀಕರೊಬ್ಬರು 2024ರ ಜುಲೈ ತಿಂಗಳಲ್ಲಿ ಒಂದು ಪ್ರಸ್ತಾವದ ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟರು. ನಗರದಲ್ಲಿ ವೇದಿಕೆ ಕಾರ್ಯಕ್ರಮಗಳನ್ನು ನಡೆಸುವ ಒಂದು ಖಾಸಗಿ ಕಂಪನಿಯು ತನ್ನ ಶೇ 20ರ ಪಾಲನ್ನು 90 ಲಕ್ಷ ರೂಪಾಯಿಗೆ ಅವರಿಗೆ ಕೊಡಲು ಒಪ್ಪಿತ್ತು. ಬಂದ ಹಣದಲ್ಲಿ 80 ಲಕ್ಷಕ್ಕೆ ಎಲ್‌ಇಡಿ ವಾಲ್ ಮತ್ತು ದೊಡ್ಡ ಸ್ಪೀಕರ್‌ಗಳನ್ನು ಕೊಳ್ಳುವುದು, ಉಳಿದ 10 ಲಕ್ಷವನ್ನು ದಿನದ ವಹಿವಾಟಿಗೆ ಇಟ್ಟುಕೊಳ್ಳುವುದು ಕಂಪನಿಯ ಯೋಜನೆ. ಕಾಗದಗಳ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು: 2023-24ರ ವರಮಾನ 4 ಕೋಟಿ, ಎಬಿಟ್ಡಾ 1.12 ಕೋಟಿ, ಎಬಿಟ್ಡಾ ಮಾರ್ಜಿನ್ ಶೇ 28.

"ಸರ, ನಮ್ಮ ಗಿರಣ್ಯಾಗ ನೂರು ರೂಪಾಯ್ದಾಗ ನಾಕು ಉಳದ್ರ ಅದ ದೊಡ್ಡದು. ಇವ್ರು ಇಪ್ಪತ್ತೆಂಟು ಅಂತಾರಲ್ರಿ!" ಎಂದು ಅವರು ಅಚ್ಚರಿಪಟ್ಟರು. ಆ ಅಚ್ಚರಿಗೆ ಕಾರಣವಿತ್ತು. ತೊಗರಿ ಕೊಂಡು ಬೇಳೆ ಮಾರುವವನ ವಹಿವಾಟಿನಲ್ಲಿ ಕಚ್ಚಾ ಮಾಲಿನ ಬೆಲೆಯೇ ಬಹುಪಾಲು. ಉಳಿಯುವುದು ತೀರಾ ತೆಳು. ಆದರೆ ಗಿರಣಿಯ ನಾಲ್ಕನ್ನೂ ವೇದಿಕೆಯ ಇಪ್ಪತ್ತೆಂಟನ್ನೂ ಅಕ್ಕಪಕ್ಕ ಇಟ್ಟು ನೋಡುವ ಮೊದಲು, ಆ ಇಪ್ಪತ್ತೆಂಟರೊಳಗೆ ಏನಿದೆ, ಏನಿಲ್ಲ ಎಂಬುದನ್ನು ಬಿಡಿಸಿ ನೋಡಬೇಕಿತ್ತು. ಸಂಸ್ಥೆಯ ಗುರುತು ಸಿಗಬಾರದೆಂದು ಅದರ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಎಬಿಟ್ಡಾ ಎಂದರೆ ಬಡ್ಡಿ, ಆದಾಯ ತೆರಿಗೆ, ಯಂತ್ರೋಪಕರಣಗಳ ಸವಕಳಿ ಮತ್ತು ಹಕ್ಕು, ಪರವಾನಗಿಗಳಂತಹ ಕಣ್ಣಿಗೆ ಕಾಣದ ಆಸ್ತಿಗಳ ಅಮಾರ್ಟೈಸೇಶನ್ (ಅವುಗಳ ಬೆಲೆಯನ್ನು ವರ್ಷ ವರ್ಷಕ್ಕೆ ಹಂಚಿ ಬರೆಯುವ ಖರ್ಚು), ಈ ನಾಲ್ಕನ್ನೂ ಕಳೆಯುವ ಮೊದಲಿನ ಗಳಿಕೆ. ಅದನ್ನು ವರಮಾನದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮಾರ್ಜಿನ್ ಸಿಗುತ್ತದೆ; ಈ ಭಾಗಾಕಾರದಲ್ಲಿ ಎಬಿಟ್ಡಾ ಅಂಶ, ವರಮಾನ ಛೇದ. ಈ ಅಳತೆಗೋಲನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ಕೇಬಲ್ ಟಿವಿ ಉದ್ಯಮಿ ಜಾನ್ ಮಲೋನ್ ಅವರ ಹೆಸರು ಮುಖ್ಯವಾದುದು. ಭಾರಿ ಸಾಲ ಮಾಡಿ ಊರೂರಿಗೆ ಕೇಬಲ್ ಎಳೆಯುತ್ತಿದ್ದ ಅವರ ಕಂಪನಿಯಲ್ಲಿ ಬಡ್ಡಿ ಮತ್ತು ಸವಕಳಿ ಕಳೆದ ಮೇಲೆ ಲಾಭವೇ ಕಾಣುತ್ತಿರಲಿಲ್ಲ. ಹಾಗಾಗಿ ಅವೆರಡನ್ನೂ ಕಳೆಯುವ ಮೊದಲಿನ ಅಂಕಿಯನ್ನು ನೋಡಿರೆಂದು ಸಾಲ ಕೊಡುವವರಿಗೆ ಅವರು ಹೇಳುತ್ತಿದ್ದರು. ವಾರನ್ ಬಫೆಟ್ ಅವರಂತಹ ಹೂಡಿಕೆದಾರರು ಇದನ್ನು ಮೊದಲಿನಿಂದಲೂ ಒಪ್ಪಿಲ್ಲ. ಯಂತ್ರ ಸವೆಯುವುದು ನಿಜವಾದ ಖರ್ಚು ಎಂಬುದು ಅವರ ವಾದ. ನಮ್ಮ ಪ್ರಕರಣದ ತಿರುಳು ಇರುವುದು ಈ ಎರಡು ನಿಲುವುಗಳ ನಡುವೆಯೇ.

ಛೇದದ ಪ್ರಶ್ನೆ

ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಯ ಅಂಗಡಿಯಾಗಿ ಶುರುವಾದ ಈ ಕಂಪನಿಗೆ ಈಗ ಮೂರು ದಾರಿಗಳಿಂದ ಹಣ ಬರುತ್ತದೆ. ಮದುವೆ, ಜಾತ್ರೆ, ರಾಜಕೀಯ ಸಭೆಗಳಿಗೆ ವೇದಿಕೆ, ಧ್ವನಿ, ಬೆಳಕು, ಜನರೇಟರ್ ಬಾಡಿಗೆಗೆ ಕೊಡುವುದು ಒಂದು. ಟಿಕೆಟ್ ಇಟ್ಟು ತಾನೇ ರಸಮಂಜರಿ, ಹಾಸ್ಯ ಸಂಜೆ, ನಾಟಕಗಳನ್ನು ನಡೆಸುವುದು ಇನ್ನೊಂದು. ಉತ್ಸವ, ಸಮ್ಮೇಳನ, ಕಂಪನಿಗಳ ಸಮಾರಂಭಗಳನ್ನು ಕಲಾವಿದರ ಸಹಿತ ಗುತ್ತಿಗೆ ಹಿಡಿದು ಮಾಡಿಕೊಡುವುದು ಮೂರನೆಯದು. ಕಂಪನಿಯ ಮಾಲೀಕರ ಲೆಕ್ಕದಲ್ಲಿ ಬಾಡಿಗೆ 150 ಲಕ್ಷ, ಸ್ವಂತ ಪ್ರದರ್ಶನ 130 ಲಕ್ಷ, ಗುತ್ತಿಗೆ 112 ಲಕ್ಷ, ಇತರ ಆದಾಯ 8 ಲಕ್ಷ. ಒಟ್ಟು 400 ಲಕ್ಷ.

ಗುತ್ತಿಗೆಯ 112 ಲಕ್ಷ ನನ್ನ ಕಣ್ಣಿಗೆ ಮೊದಲು ಬಿತ್ತು, ಏಕೆಂದರೆ ಅದೇ ಕೆಲಸಗಳಿಗೆ ಕಂಪನಿ ಹಾಕಿದ ಬಿಲ್‌ಗಳ ಮೊತ್ತ 232 ಲಕ್ಷ. ಗಾಯಕರು, ನಿರೂಪಕರು, ನೃತ್ಯ ತಂಡಗಳಿಗೆ ಕೊಟ್ಟ 120 ಲಕ್ಷವನ್ನು ಮಾಲೀಕರು ವರಮಾನದಲ್ಲೂ ಖರ್ಚಿನಲ್ಲೂ ತೋರಿಸದೆ, "ಅದು ನಮ್ಮ ಕೈಯಿಂದ ಹಾದು ಹೋದದ್ದು ಅಷ್ಟೇ" ಎಂದು ಬಿಟ್ಟಿದ್ದರು. ಹಾಗೆ ಬಿಡಬಹುದಾದ ಸಂದರ್ಭಗಳುಂಟು. ಕಂಪನಿ ಬರೀ ಮಧ್ಯವರ್ತಿಯಾಗಿದ್ದು, ಕಲಾವಿದರೊಡನೆ ಕರಾರು ಮಾಡಿಕೊಂಡವರು ಸಂಘಟಕರೇ ಆಗಿದ್ದರೆ, ದಲ್ಲಾಳಿ ಮೊತ್ತ ಮಾತ್ರ ವರಮಾನ. ಆದರೆ ಇಲ್ಲಿ ಕಲಾವಿದರಿಗೆ ಮುಂಗಡ ಕೊಟ್ಟವರು, ಬೆಲೆ ಗೊತ್ತು ಮಾಡಿದವರು, ಗಾಯಕ ಬಾರದಿದ್ದರೆ ಬದಲಿ ವ್ಯವಸ್ಥೆ ಮಾಡಬೇಕಾದವರು ಎಲ್ಲ ಈ ಕಂಪನಿಯವರೇ. ಹೊಣೆ ಹೊತ್ತವನ ಪುಸ್ತಕದಲ್ಲಿ ಪೂರ್ತಿ ಬಿಲ್ಲೇ ವರಮಾನ. 120 ಲಕ್ಷವನ್ನು ಎರಡೂ ಕಡೆ ಸೇರಿಸಿದರೆ ಎಬಿಟ್ಡಾ ಒಂದು ರೂಪಾಯಿಯೂ ಬದಲಾಗುವುದಿಲ್ಲ. ವರಮಾನ ಮಾತ್ರ 520 ಲಕ್ಷವಾಗಿ, ಮಾರ್ಜಿನ್ ಶೇ 28ರಿಂದ ಶೇ 21.5ಕ್ಕೆ ಇಳಿಯುತ್ತದೆ. ಕಂಪನಿ ಬಡವಾಗಲಿಲ್ಲ, ಅಳೆಯುವ ಸೇರು ದೊಡ್ಡದಾಯಿತು. ಎರಡು ಮನರಂಜನಾ ಸಂಸ್ಥೆಗಳ ಮಾರ್ಜಿನ್ ಹೋಲಿಸುವವರು ಮೊಟ್ಟಮೊದಲು ಕೇಳಬೇಕಾದದ್ದು, ಕಲಾವಿದರ ಸಂಭಾವನೆಯನ್ನು ಇಬ್ಬರೂ ಒಂದೇ ರೀತಿ ಬರೆದಿದ್ದಾರೆಯೇ ಎಂಬುದನ್ನೇ.

ಅಂಶದಲ್ಲಿ ಕಂಡದ್ದು

ಇತರ ಆದಾಯದ 8 ಲಕ್ಷವು ಹಳೆಯ ಲಾರಿ ಮತ್ತು ಜನರೇಟರ್ ಮಾರಿ ಬಂದ ಲಾಭ. ಅದು ವ್ಯವಹಾರದ ಗಳಿಕೆಯಲ್ಲ, ತೆಗೆದೆ. ಕಂಪನಿಯನ್ನು ನಡೆಸುವ ಅಣ್ಣತಮ್ಮಂದಿರಿಬ್ಬರೂ ಸಂಬಳ ತೆಗೆದುಕೊಳ್ಳುವುದಿಲ್ಲ, ಗೋದಾಮು ಅವರದೇ ಮನೆತನದ್ದಾದ್ದರಿಂದ ಬಾಡಿಗೆಯೂ ಇಲ್ಲ. ಆ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ ವರ್ಷಕ್ಕೆ 18 ಲಕ್ಷ, ಅಂತಹ ಗೋದಾಮಿಗೆ 6 ಲಕ್ಷ ಆದೀತೆಂದು ಇಬ್ಬರೂ ಒಪ್ಪಿದರು. ಮನೆಯವರು ದುಡಿದದ್ದನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮ ಭಾಗದ ಅಂಗಡಿಗಳಲ್ಲಿ ಹೊಸದೇನಲ್ಲ; ಆದರೆ ಪಾಲು ಮಾರುವ ದಿನ ಅದನ್ನು ಹಿಡಿಯಲೇಬೇಕು, ಇಲ್ಲವಾದರೆ ಅಣ್ಣತಮ್ಮಂದಿರ ಬೆವರನ್ನೇ ಕಂಪನಿಯ ಲಾಭವೆಂದು ಹೊಸಬರು ಕೊಂಡಂತಾಗುತ್ತದೆ.

ಮೂರನೆಯ ತಿದ್ದುಪಡಿಗೆ ಕಾರಣ ಪಂಚಾಂಗ. ಶರಣಬಸವೇಶ್ವರರ ರಥೋತ್ಸವ ಹೋಳಿಯ ನಂತರದ ಐದನೇ ದಿನ. 2024ರಲ್ಲಿ ಹೋಳಿ ಮಾರ್ಚ್ 25ಕ್ಕೆ ಬಂದಿತು, ಹಾಗಾಗಿ ಜಾತ್ರೆ ಹಣಕಾಸು ವರ್ಷದ ಗಡಿಯನ್ನೇ ತುಳಿದುಕೊಂಡು ನಿಂತಿತು. ಜಾತ್ರೆಗೆಂದು ಬಂದು ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಗೆ ಬೆಳಕು, ಧ್ವನಿ, ಜನರೇಟರ್ ಕೊಟ್ಟದ್ದಕ್ಕೆ ಪೂರ್ತಿ ಕ್ಯಾಂಪಿನ 20 ಲಕ್ಷದ ಬಿಲ್ಲನ್ನು ಮಾರ್ಚ್‌ನಲ್ಲೇ ವರಮಾನವಾಗಿ ಬರೆದಿದ್ದರು. ಮಾರ್ಚ್ 31ರವರೆಗಿನ ದಿನಗಳಿಗೆ ಸಲ್ಲುವುದು 8 ಲಕ್ಷ ಮಾತ್ರ. 12 ಲಕ್ಷ ಮುಂದಿನ ವರ್ಷದ್ದು. ಏಪ್ರಿಲ್‌ನ ಡೀಸೆಲ್ ಮತ್ತು ಕೂಲಿ ಇನ್ನೂ ಖರ್ಚಿಗೆ ಬಂದಿರಲಿಲ್ಲವಾದ್ದರಿಂದ ಆ 12 ಲಕ್ಷ ಇಡಿಯಾಗಿ ಎಬಿಟ್ಡಾವನ್ನು ಉಬ್ಬಿಸಿತ್ತು. ಮುಂಗಡ ಮಾರಿದ ಟಿಕೆಟ್‌ಗೂ ಇದೇ ನಿಯಮ: ಪ್ರದರ್ಶನ ನಡೆಯುವ ತನಕ ಆ ಹಣ ಪ್ರೇಕ್ಷಕರಿಗೆ ಕೊಡಬೇಕಾದ ಬಾಕಿಯೇ ಹೊರತು ಗಳಿಕೆಯಲ್ಲ.

ಹೀಗೆ 112ರಿಂದ 8, 24 ಮತ್ತು 12 ಕಳೆದು 68 ಲಕ್ಷ ಉಳಿಯಿತು. ವರಮಾನ 500 ಲಕ್ಷ. ಮಾರ್ಜಿನ್ ಶೇ 13.6.

ಇನ್ನೊಂದು ಸಂಗತಿಯಲ್ಲಿ ನನಗೂ ಕಂಪನಿಯ ಮಾಲೀಕರಿಗೂ ಒಮ್ಮತವಾಗಲಿಲ್ಲ. 2023ರ ಮೇ 10ರಂದು ವಿಧಾನಸಭೆ ಚುನಾವಣೆ ನಡೆಯಿತು. ಏಪ್ರಿಲ್ ಪೂರ್ತಿ, ಮೇ ಮೊದಲ ವಾರದವರೆಗೆ ಪ್ರಚಾರ ಸಭೆಗಳ ವೇದಿಕೆ ಮತ್ತು ಮೈಕ್ ಬಾಡಿಗೆಯಿಂದ ಸುಮಾರು 20 ಲಕ್ಷ ವರಮಾನ, 14 ಲಕ್ಷ ಎಬಿಟ್ಡಾ ಹೆಚ್ಚಾಗಿ ಬಂದಿತ್ತು. ಇದು ಪ್ರತಿ ವರ್ಷ ಬರುವುದಲ್ಲ ಎಂದು ತೆಗೆದರೆ 480ರ ಮೇಲೆ 54 ಲಕ್ಷ, ಅಂದರೆ ಶೇ 11.25. "ಚುನಾವಣೆ ಒಂದೇನ್ರಿ? ಲೋಕಸಭಾ ಅದ, ಪಂಚಾಯ್ತಿ ಅದ, ಒಂದಿಲ್ಲೊಂದು ಬರ್ತಾನೇ ಇರ್ತದ" ಎಂಬುದು ಹಿರಿಯ ಅಣ್ಣನ ಉತ್ತರ. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ನೀತಿಸಂಹಿತೆ ಜಾರಿಯಾದೊಡನೆ ಸರ್ಕಾರಿ ಉತ್ಸವಗಳು ನಿಂತು ಗುತ್ತಿಗೆ ಕೆಲಸ ಕಡಿಮೆಯಾಗುವುದನ್ನು ಅವರು ಲೆಕ್ಕಕ್ಕೆ ತಂದಿರಲಿಲ್ಲ. ಕೊನೆಗೆ ಎರಡೂ ಅಂಕಿಗಳನ್ನು ಇಟ್ಟುಕೊಂಡೆವು.

ಎಂಬತ್ತಮೂರು ಕುರ್ಚಿ

ಒಟ್ಟಾರೆ ಮಾರ್ಜಿನ್‌ಗಿಂತ ವಿಭಾಗವಾರು ಲೆಕ್ಕ ಹೆಚ್ಚು ಮಾತಾಡುತ್ತದೆ. ಕಚೇರಿಯ 40 ಲಕ್ಷದ ಸಾಮಾನ್ಯ ಖರ್ಚನ್ನು ಬದಿಗಿಟ್ಟು ನೋಡಿದಾಗ, ಬಾಡಿಗೆಯ 138 ಲಕ್ಷದಲ್ಲಿ (150ರಿಂದ ಮುಂದಿನ ವರ್ಷದ 12 ಕಳೆದು) 76 ಲಕ್ಷ (ಶೇ 55), ಗುತ್ತಿಗೆಯ 232 ಲಕ್ಷದಲ್ಲಿ 28 ಲಕ್ಷ (ಶೇ 12) ಉಳಿದಿತ್ತು. ಹೆಸರು ತಂದುಕೊಡುವ, ಗೋಡೆಗೋಡೆಯ ಮೇಲೆ ಪೋಸ್ಟರ್ ಹಚ್ಚುವ ಸ್ವಂತ ಪ್ರದರ್ಶನಗಳ 130 ಲಕ್ಷದಲ್ಲಿ ಉಳಿದದ್ದು ಬರೀ 4 ಲಕ್ಷ.

ಇದು ಈ ಉದ್ಯಮದ ಗುಣವೇ ಹೊರತು ಕಲಬುರಗಿಯ ದೌರ್ಬಲ್ಯವಲ್ಲ. ಜಗತ್ತಿನ ಅತಿದೊಡ್ಡ ಸಂಗೀತ ಕಾರ್ಯಕ್ರಮ ಸಂಘಟಕ ಸಂಸ್ಥೆಯಾದ ಲೈವ್ ನೇಷನ್ 2023ರಲ್ಲಿ ಸುಮಾರು 2,270 ಕೋಟಿ ಡಾಲರ್ ವರಮಾನದ ಮೇಲೆ ಸುಮಾರು 186 ಕೋಟಿ ಡಾಲರ್ ಹೊಂದಾಣಿಕೆಯ ಕಾರ್ಯಾಚರಣೆ ಗಳಿಕೆಯನ್ನು ತೋರಿಸಿತು. ಎಬಿಟ್ಡಾಗೆ ಹತ್ತಿರವಾದ, ಆದರೆ ಪೂರ್ತಿ ಅದೇ ಅಲ್ಲದ ಈ ಅಳತೆಯಲ್ಲಿ ಮಾರ್ಜಿನ್ ಶೇ 8ರಷ್ಟು. ಅದರೊಳಗೆ ಕಾರ್ಯಕ್ರಮ ವಿಭಾಗದ ಮಾರ್ಜಿನ್ ಶೇ 2ಕ್ಕಿಂತ ಕಡಿಮೆ. ಪ್ರಾಯೋಜಕತ್ವ ವಿಭಾಗದ್ದು ಶೇ 60ಕ್ಕೂ ಮೇಲೆ. ಗಾಯಕನನ್ನು ವೇದಿಕೆಗೆ ತರುವುದರಲ್ಲಿ ಹಣವಿಲ್ಲ, ಅವನ ಸುತ್ತ ಸೇರುವ ಜನರಿಗೆ ಬೇರೆ ಏನನ್ನು ಮಾರಬಹುದು ಎಂಬುದರಲ್ಲಿದೆ.

ನಮ್ಮ ಕಂಪನಿ ವರ್ಷದಲ್ಲಿ 12 ಪ್ರದರ್ಶನ ನಡೆಸಿತ್ತು. ಒಂದೊಂದಕ್ಕೆ ಸರಾಸರಿ ಖರ್ಚು 10.5 ಲಕ್ಷ. ಸಭಾಂಗಣ ತುಂಬಲಿ, ಖಾಲಿ ಇರಲಿ, ಈ ಖರ್ಚು ಹೆಚ್ಚುಕಡಿಮೆ ಒಂದೇ. ಪ್ರಾಯೋಜಕರಿಂದ 2.5 ಲಕ್ಷ, ತಿಂಡಿ ಮಳಿಗೆಗಳಿಂದ ಸುಮಾರು 83 ಸಾವಿರ ಬಂದರೆ ಉಳಿದದ್ದನ್ನು ಟಿಕೆಟ್ ತುಂಬಬೇಕು. ಸರಾಸರಿ 400 ರೂಪಾಯಿಯಂತೆ 1,792 ಟಿಕೆಟ್ ಮಾರಿದಾಗ ಅಸಲು. ಕಂಪನಿ ಮಾರುತ್ತಿದ್ದದ್ದು ಸರಾಸರಿ 1,875. ನಡುವಿನ ಅಂತರ 83 ಕುರ್ಚಿ. ಒಂದು ಸಂಜೆ ಗುಡುಗು ಮಳೆ ಬಂದರೆ, ಅದೇ ದಿನ ಕ್ರಿಕೆಟ್ ಪಂದ್ಯವಿದ್ದರೆ ಆ 83 ಇಲ್ಲವಾಗುತ್ತವೆ. ಹಾಗೆಯೇ ಅಸಲು ದಾಟಿದ ಮೇಲಿನ ಪ್ರತಿ ಟಿಕೆಟ್ಟಿನ ಹಣವೂ ಬಹುಪಾಲು ಎಬಿಟ್ಡಾಕ್ಕೇ ಸೇರುತ್ತದೆ. ಸ್ಥಿರ ಖರ್ಚು ಹೆಚ್ಚಿರುವ ವ್ಯವಹಾರದಲ್ಲಿ ಮಾರ್ಜಿನ್ ಎರಡೂ ದಿಕ್ಕಿಗೆ ಜೋರಾಗಿ ತೂಗಾಡುತ್ತದೆ. ಪ್ರತಿ ಪ್ರದರ್ಶನಕ್ಕೆ ಹಂಚುತ್ತಿದ್ದ ಉಚಿತ ಪಾಸುಗಳು ಎಷ್ಟೆಂದು ಕೇಳಿದೆ. ಕಿರಿಯ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂರರ ಮ್ಯಾಲ ಆಗ್ತಾವ್ರಿ" ಎಂದರು. ಪಾಸು ಪಡೆದವರೆಲ್ಲ ಟಿಕೆಟ್ ಕೊಳ್ಳುತ್ತಿದ್ದರೆಂದು ಹೇಳಲಾಗದು. ಅರ್ಧದಷ್ಟು ಜನ ಕೊಂಡಿದ್ದರೂ ವಿಭಾಗದ ಲಾಭ ಇಮ್ಮಡಿಯಾಗುತ್ತಿತ್ತು.

ತೆರಿಗೆಯ ಒಂದು ಸೂಕ್ಷ್ಮವೂ ಇಲ್ಲಿ ಸೇರಿಕೊಂಡಿದೆ. ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳ ಪ್ರವೇಶ ದರ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ; ಮೀರಿದರೆ ಶೇ 18. ಇದೇ ಕಾರಣಕ್ಕೆ ಕಂಪನಿಯ ಅತಿ ದುಬಾರಿ ಟಿಕೆಟ್ 499 ರೂಪಾಯಿ. ವಿನಾಯಿತಿ ಕೇಳಲು ಸೊಗಸು, ಆದರೆ ವಿನಾಯಿತಿ ಇರುವ ಸೇವೆಗೆ ಇನ್‌ಪುಟ್ ತೆರಿಗೆ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ. ಜಾನಪದ ಅಥವಾ ಶಾಸ್ತ್ರೀಯ ಕಲಾವಿದರ ಸಂಭಾವನೆ ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗೆ ತೆರಿಗೆಯಿಂದ ಹೊರಗಿದೆ. ಸಿನಿಮಾ ಹಾಡಿನ ಗಾಯಕರ ಏಜೆನ್ಸಿ, ಹೈದರಾಬಾದಿನಿಂದ ಬರುವ ಎಲ್‌ಇಡಿ ವಾಲ್, ಜಾಹೀರಾತು, ಇವೆಲ್ಲದರ ಮೇಲೆ ಕಟ್ಟಿದ ಜಿಎಸ್‌ಟಿ ಇಲ್ಲಿ ಖರ್ಚಾಗಿಯೇ ಉಳಿಯುತ್ತದೆ. ಅದು ಒಂದು ಪ್ರದರ್ಶನಕ್ಕೆ ಸುಮಾರು 1 ಲಕ್ಷ, ವರ್ಷಕ್ಕೆ 12 ಲಕ್ಷ. ವಿಭಾಗದ ಗಳಿಕೆಯ ಮೂರು ಪಟ್ಟು. ಹಾಗೆಂದು ದರವನ್ನು 599ಕ್ಕೆ ಏರಿಸಿದರೆ ತೆರಿಗೆ ಹೋಗಿ ಕೈಗೆ ಬರುವುದು 507.60, ಪ್ರೇಕ್ಷಕ ಕೊಡುವುದು ನೂರು ಹೆಚ್ಚು, ಕಂಪನಿಗೆ ಸಿಗುವುದು ಎಂಟೂವರೆ. ಮುಂದಿನ ಸಾಲುಗಳಿಗಷ್ಟೇ 800ರಿಂದ ಮೇಲಿನ ದರವಿಟ್ಟು, ಆ ಪ್ರಮಾಣದಷ್ಟು ಕ್ರೆಡಿಟ್ ಪಡೆಯುವುದು ನನಗೆ ಸರಿಯೆನಿಸಿತು.

ಸವೆಯುವ ಸಾಮಾನು

ಬಾಡಿಗೆ ವಿಭಾಗದ ಶೇ 55 ನೋಡಿ ಗಿರಣಿ ಮಾಲೀಕರ ಮುಖ ಮತ್ತೆ ಅರಳಿತ್ತು. ಎಬಿಟ್ಡಾ ಅತಿ ಹೆಚ್ಚು ದಾರಿ ತಪ್ಪಿಸುವುದು ಇಂತಹ ಕಡೆಯೇ. ಆ ವಿಭಾಗದ ಕಚ್ಚಾ ಮಾಲು ಯಾವುದು? ಸ್ಪೀಕರ್, ಮಿಕ್ಸರ್, ಲೈಟು, ಟ್ರಸ್, ಕೇಬಲ್, ಜನರೇಟರ್. ಬೇಸಿಗೆಯ ಬಿಸಿಲಲ್ಲಿ, ಎರೆಮಣ್ಣಿನ ಧೂಳಲ್ಲಿ, ಲಾರಿಯ ಏರಿಳಿತದಲ್ಲಿ ಅವು ದಿನದಿನವೂ ಸವೆಯುತ್ತವೆ. ತೊಗರಿ ಮುಗಿದದ್ದು ಆ ದಿನವೇ ಕಣ್ಣಿಗೆ ಬೀಳುತ್ತದೆ. ಸ್ಪೀಕರ್ ಮುಗಿಯುವುದು ಆರು ವರ್ಷಗಳಲ್ಲಿ, ಅದರ ಹೆಸರು ಸವಕಳಿ, ಎಬಿಟ್ಡಾ ಅದನ್ನು ಲೆಕ್ಕದಿಂದ ಹೊರಗಿಡುತ್ತದೆ.

ಪುಸ್ತಕದ ಸವಕಳಿಯೂ ಇಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ. ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿ ಸಾಮಾನ್ಯ ಯಂತ್ರಗಳಿಗೆ 15 ವರ್ಷದ ಆಯುಸ್ಸು ಹೇಳುತ್ತದೆ. ಸಾಮಾನ್ಯ ಪೀಠೋಪಕರಣಗಳಿಗೆ 10 ವರ್ಷ ಕೊಟ್ಟರೂ, ನಾಟಕ ಮಂದಿರ, ಸರ್ಕಸ್‌ಗಳಲ್ಲಿ ಬಳಸುವ ಮತ್ತು ಮದುವೆಗಳಿಗೆ ಬಾಡಿಗೆಗೆ ಕೊಡುವ ಪೀಠೋಪಕರಣಗಳಿಗೆ 8 ವರ್ಷ ಸಾಕೆಂದಿದೆ. ಮದುವೆ ಮನೆಯ ಕುರ್ಚಿಯ ಪಾಡು ಕಾನೂನು ಬರೆದವರಿಗೂ ಗೊತ್ತಿತ್ತು ಎಂದಾಯಿತು. ಈ ಕಂಪನಿಯ ಉಪಕರಣಗಳ ಕೊಂಡ ಬೆಲೆ 240 ಲಕ್ಷ. ಹದಿನೈದು ವರ್ಷದ ಲೆಕ್ಕದಲ್ಲಿ ವರ್ಷದ ಸವಕಳಿ ಸುಮಾರು 15 ಲಕ್ಷ. ಆರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕೆಂಬ ವಾಸ್ತವದಲ್ಲಿ 40 ಲಕ್ಷ. 68 ಲಕ್ಷದಲ್ಲಿ 40 ಹೋದರೆ ಉಳಿಯುವುದು 28 ಲಕ್ಷ, ವರಮಾನದ ಶೇ 5.6. ಗಿರಣಿಯ ನಾಲ್ಕರ ಪಕ್ಕದಲ್ಲಿ ಇಡಬಹುದಾದ ಅಂಕಿ ಇದು.

ನಗದಿನ ಕಥೆ ಇನ್ನೂ ಬೇರೆ. ಗುತ್ತಿಗೆ ಕೆಲಸಗಳ ಬಾಕಿ ಬಿಲ್ ಹಿಂದಿನ ವರ್ಷದ ಕೊನೆಗೆ 31 ಲಕ್ಷವಿದ್ದದ್ದು ಈ ವರ್ಷ 64 ಲಕ್ಷಕ್ಕೇರಿತ್ತು. ಆ 33 ಲಕ್ಷ ಎಬಿಟ್ಡಾದಲ್ಲಿದೆ, ಬ್ಯಾಂಕಿನಲ್ಲಿಲ್ಲ. 68ರಲ್ಲಿ ಉಳಿದ 35ರಲ್ಲಿ ಬಡ್ಡಿಗೆ 11, ಸಾಲದ ಅಸಲಿಗೆ 18 ಹೋಗಿ, ಆದಾಯ ತೆರಿಗೆಗೂ ಮೊದಲು 6 ಲಕ್ಷ. ಆಷಾಢದಲ್ಲಿ ಮದುವೆಯಿಲ್ಲ, ಮಳೆಯಲ್ಲಿ ಬಯಲು ಕಾರ್ಯಕ್ರಮವಿಲ್ಲ, ಆದರೂ ಕಂತು ತಿಂಗಳು ತಿಂಗಳು ಬರುತ್ತದೆ.

ಕೊಳ್ಳುವುದೋ, ಬಾಡಿಗೆಗೆ ತರುವುದೋ

ಪ್ರಸ್ತಾವದ ತಿರುಳಾದ 80 ಲಕ್ಷದ ಖರೀದಿಗೆ ಬರೋಣ. ಆಗ ಕಂಪನಿಯು ಎಲ್‌ಇಡಿ ವಾಲ್ ಮತ್ತು ದೊಡ್ಡ ಸ್ಪೀಕರ್‌ಗಳನ್ನು ಹೈದರಾಬಾದಿನಿಂದ ತರಿಸಿ ವರ್ಷಕ್ಕೆ 26 ಲಕ್ಷ ಬಾಡಿಗೆ ಕೊಡುತ್ತಿತ್ತು. ಕೊಂಡರೆ ಬಾಡಿಗೆ ತಪ್ಪುತ್ತದೆ, ನಿರ್ವಹಣೆಗೆ 4 ಲಕ್ಷ ಬೇಕಾಗುತ್ತದೆ. ಎಬಿಟ್ಡಾ 22 ಲಕ್ಷ ಏರಿ 90 ಆಗುತ್ತದೆ, ಮಾರ್ಜಿನ್ ಶೇ 13.6ರಿಂದ 18ಕ್ಕೆ ಜಿಗಿಯುತ್ತದೆ. ಆದರೆ ಆರು ವರ್ಷದ ಸವಕಳಿ 13.3 ಲಕ್ಷ, ಶೇ 12ರ ಬಡ್ಡಿಯಂತೆ ಹಣದ ಬೆಲೆ 9.6 ಲಕ್ಷ, ಒಟ್ಟು 22.9. ಮಾರ್ಜಿನ್ ನಾಲ್ಕಕ್ಕೂ ಹೆಚ್ಚು ಅಂಶ ಏರುತ್ತದೆ, ಕಂಪನಿಗೆ ವರ್ಷಕ್ಕೆ 90 ಸಾವಿರ ನಷ್ಟವೂ ಆಗುತ್ತದೆ. ಬಾಡಿಗೆಯನ್ನು ಎಬಿಟ್ಡಾ ಸಾಲಿಗೆ ಬರುವ ಮೊದಲೇ ಕಳೆಯುತ್ತಾರೆ, ಸವಕಳಿ ಮತ್ತು ಬಡ್ಡಿಯನ್ನು ಆ ಸಾಲಿನ ಕೆಳಗೆ ಕಳೆಯುತ್ತಾರೆ. ಖರ್ಚು ಒಂದು ಸಾಲಿನಿಂದ ಇನ್ನೊಂದಕ್ಕೆ ಸ್ಥಳ ಬದಲಿಸಿತು, ಅಷ್ಟೇ. ದೊಡ್ಡ ಕಂಪನಿಗಳಲ್ಲಿ ಇದು ಕಾಗದದ ಮೇಲೆಯೇ ನಡೆದದ್ದುಂಟು. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡವು ದೀರ್ಘಾವಧಿ ಬಾಡಿಗೆಯನ್ನು ಸವಕಳಿ ಮತ್ತು ಬಡ್ಡಿಯಾಗಿ ಬರೆಯಿಸುವುದರಿಂದ ಮಲ್ಟಿಪ್ಲೆಕ್ಸ್‌ಗಳ ಎಬಿಟ್ಡಾ ಒಮ್ಮೆಲೆ ಏರಿತು. ಹಾಗಾಗಿ ಈ ಮಾನದಂಡದ ಪರಿಣಾಮವನ್ನು ತೆಗೆದ ಅಂಕಿಯನ್ನೂ ಕೊಡುವ ರೂಢಿ ಅಲ್ಲಿದೆ. ನಮ್ಮ ಕಂಪನಿ ಚಿಕ್ಕದು, ಆ ಮಾನದಂಡ ಅದಕ್ಕೆ ಅನ್ವಯಿಸುವುದಿಲ್ಲ.

80 ಲಕ್ಷವನ್ನು ಒಂದೇ ಗಂಟಾಗಿ ನೋಡದೆ ಬಿಚ್ಚಿದಾಗ ದಾರಿ ಕಂಡಿತು. ಸ್ಪೀಕರ್‌ಗಳ ಬೆಲೆ 22 ಲಕ್ಷ, ಅವಕ್ಕೆ ಕೊಡುತ್ತಿದ್ದ ಬಾಡಿಗೆ 14 ಲಕ್ಷ. ವಾಲ್‌ನ ಬೆಲೆ 58 ಲಕ್ಷ, ಬಾಡಿಗೆ 12 ಲಕ್ಷ. ತಲಾ 2 ಲಕ್ಷ ನಿರ್ವಹಣೆ ಹಿಡಿದರೆ ಸ್ಪೀಕರ್‌ನಿಂದ ವರ್ಷಕ್ಕೆ 5.7 ಲಕ್ಷ ನಿಜವಾದ ಉಳಿತಾಯ, ವಾಲ್‌ನಿಂದ 6.6 ಲಕ್ಷ ನಷ್ಟ. ಸ್ಪೀಕರ್ ಪ್ರತಿ ಕೆಲಸಕ್ಕೂ ಹೊರಡುತ್ತದೆ. ವಾಲ್ ಬೇಕಾಗುವುದು ದೊಡ್ಡ ಕಾರ್ಯಕ್ರಮಗಳಿಗೆ ಮಾತ್ರ, ಉಳಿದ ದಿನ ಗೋದಾಮಿನಲ್ಲಿ ಕುಳಿತು ಹಳೆಯದಾಗುತ್ತದೆ.

ಬೆಲೆಯ ಮಾತು ಆಮೇಲೆ ಸುಲಭವಾಯಿತು. ಕಂಪನಿಯ ಮಾಲೀಕರು 112 ಲಕ್ಷದ ನಾಲ್ಕು ಪಟ್ಟು ಹಿಡಿದು ಸುಮಾರು ನಾಲ್ಕೂವರೆ ಕೋಟಿ ಎಂದಿದ್ದರು; 90 ಲಕ್ಷದ ಸಾಲವನ್ನು ಕಳೆಯಲು ಮರೆತಿದ್ದರು. ಎಬಿಟ್ಡಾದ ಪಟ್ಟು ಇಡೀ ವ್ಯವಹಾರದ ಬೆಲೆ ಹೇಳುತ್ತದೆ, ಅದರಲ್ಲಿ ಬ್ಯಾಂಕಿನ ಪಾಲೂ ಇದೆ. ಅದೇ ನಾಲ್ಕು ಪಟ್ಟಿನಲ್ಲಿ 68ರ ಮೇಲೆ ಲೆಕ್ಕ ಹಾಕಿ ಸಾಲ ಕಳೆದರೆ 182 ಲಕ್ಷ, ಐದನೇ ಒಂದು ಪಾಲು 36.4 ಲಕ್ಷ, 54ರ ಮೇಲೆ ಹಾಕಿದರೆ 25.2 ಲಕ್ಷ. ಎರಡು ಬೈಠಕ್‌ಗಳ ನಂತರ 30 ಲಕ್ಷಕ್ಕೆ ಒಪ್ಪಂದವಾಯಿತು: 22 ಲಕ್ಷಕ್ಕೆ ಸ್ಪೀಕರ್, 8 ಲಕ್ಷ ವಹಿವಾಟಿಗೆ, ವಾಲ್ ಎಂದಿನಂತೆ ಬಾಡಿಗೆಗೆ.

ಕರಾರಿನಲ್ಲಿ ಎಬಿಟ್ಡಾ ಎಂದರೇನು ಎಂಬುದಕ್ಕೇ ಒಂದು ಪುಟ ಮೀಸಲಾಯಿತು. ಅಣ್ಣತಮ್ಮಂದಿರ ಸಂಬಳ ಖರ್ಚಿಗೆ ಬರಬೇಕು, ಆಸ್ತಿ ಮಾರಿದ ಲಾಭ ಸೇರಬಾರದು, ಕಲಾವಿದರ ಸಂಭಾವನೆ ಎರಡೂ ಕಡೆ ಕಾಣಬೇಕು, ವರಮಾನ ಪ್ರದರ್ಶನದ ದಿನಾಂಕಕ್ಕೆ ಬರೆಯಬೇಕು, ಮತ್ತು ಪ್ರತಿ ಬಾರಿ ಎಬಿಟ್ಡಾದ ಕೆಳಗಿನ ಸಾಲಿನಲ್ಲೇ ಉಪಕರಣ ಬದಲಾವಣೆಗೆ ಎತ್ತಿಟ್ಟ ಮೊತ್ತ ಇರಬೇಕು. ಇದಕ್ಕೆಲ್ಲ ಅಣ್ಣತಮ್ಮಂದಿರು ತಕರಾರು ಮಾಡಲಿಲ್ಲ. ಜಗಳವಾದದ್ದು ಕೊನೆಯ ಷರತ್ತಿಗೆ: ಒಂದು ಪ್ರದರ್ಶನಕ್ಕೆ 60ಕ್ಕಿಂತ ಹೆಚ್ಚು ಪಾಸು ಕೊಡುವಂತಿಲ್ಲ. "ಊರಾಗ ಇರಾಕ ಬಿಡಂಗಿಲ್ರಿ ನಮಗ" ಎಂದು ಹಿರಿಯರು ಬೇಡಿಕೊಂಡರೂ ಗಿರಣಿ ಮಾಲೀಕರು ಮಣಿಯಲಿಲ್ಲ. ದಸರೆಯ ನಂತರದ ಮೊದಲ ರಸಮಂಜರಿಗೆ ಲೆಕ್ಕ ಹಾಕಿ 60 ಪಾಸುಗಳನ್ನೇ ಹಂಚಲಾಯಿತು. ಅವುಗಳಲ್ಲಿ ಏಳು ಗಿರಣಿ ಮಾಲೀಕರ ಬೀಗರ ಮನೆಗೆ ಹೋದವು.